ಟೈಪ್ ಮಾಡೋರು ಯಾರು, ಅನುಕೂಲ ಯಾರಿಗೆ?

(ಆಸ್ಪತ್ರೆ ಆಡಳಿತ ಓದುತ್ತಿರುವ ವಿದ್ಯಾರ್ಥಿಗಳು ಮತ್ತು ನರ್ಸಿಂಗ್ ಹೋಮ್ ನಡೆಸುವವರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಹೊತ್ತು, ಸಾಲದ್ದಕ್ಕೆ ವಿಷಯ ಸಾಫ್ಟ್‌ವೇರ್. ಯಾರಾದರೂ ತೂಕಡಿಸಿದರೆ ನಾನೇನೂ ತಪ್ಪು ತಿಳಿಯೋದಿಲ್ಲ. ಪ್ರೊಜೆಕ್ಟರ್ ಬೇಡ ಅಂತ ನಾನೇ ಹೇಳಿದೆ. ದೀಪ ಆರಿಸಿದರೆ ನಿದ್ದೆ ಗ್ಯಾರಂಟಿ.

ನನಗೆ ಕೊಟ್ಟ ವಿಷಯದಲ್ಲಿ ಎರಡು ಭಾಗ ಇವೆ. ಆಸ್ಪತ್ರೆ ನಡೆಸುವುದು ಒಂದು, ಎಲೆಕ್ಟ್ರಾನಿಕ್ ಆರೋಗ್ಯ ದಾಖಲೆ ಇನ್ನೊಂದು. ಮೊದಲನೆಯದು ಆಡಳಿತದವರ ಕೆಲಸ, ಎರಡನೆಯದು ಐಟಿ ಹುಡುಗರ ಕೆಲಸ ಅಂತ ಹಂಚಿಕೊಂಡುಬಿಡುತ್ತೇವೆ. ಎಡವಟ್ಟು ಶುರುವಾಗೋದೇ ಅಲ್ಲಿಂದ. ನೂರು ಹಾಸಿಗೆಯ ಆಸ್ಪತ್ರೆಯಲ್ಲಿ ದಿನವಿಡೀ ನಡೆಯೋದೇನು? ಒಬ್ಬರಿಗೆ ಗೊತ್ತಾದದ್ದು ಇನ್ನೊಬ್ಬರಿಗೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕು. ರೋಗಿಯ ರಕ್ತದಲ್ಲಿ ಪೊಟ್ಯಾಸಿಯಂ ಏರಿದ್ದು ಲ್ಯಾಬಿನವರಿಗೆ ಗೊತ್ತು, ಅದು ಡ್ಯೂಟಿ ಡಾಕ್ಟರಿಗೆ ತಿಳಿಯಬೇಕು. ಪೆನಿಸಿಲಿನ್ ಆಗೋದಿಲ್ಲ ಅಂತ ರೋಗಿಯ ಹೆಂಡತಿಗೆ ಗೊತ್ತು, ಅದು ರಾತ್ರಿ ಪಾಳಿಯ ಸಿಸ್ಟರಿಗೆ ತಿಳಿಯಬೇಕು. ಈ ಮುಟ್ಟಿಸುವ ಕೆಲಸ ಕೆಟ್ಟರೆ ಎಷ್ಟು ಒಳ್ಳೆ ಸರ್ಜನ್ ಇದ್ದರೂ ಆಸ್ಪತ್ರೆ ಕೆಟ್ಟ ಹಾಗೆ.

ಹಾಗಾಗಿ ಇವತ್ತು ನನ್ನ ಹತ್ತಿರ ಇರೋದು ಎರಡೇ ಪ್ರಶ್ನೆ. ಯಾವ ಸಾಫ್ಟ್‌ವೇರ್ ತೋರಿಸಲು ಬಂದರೂ, ಅದರ ಪ್ರತಿ ಪರದೆಯ ಮುಂದೆ ನಿಂತು ಕೇಳಿ. ಇದನ್ನು ಟೈಪ್ ಮಾಡೋರು ಯಾರು? ಇದರಿಂದ ಅನುಕೂಲ ಯಾರಿಗೆ? ಎರಡಕ್ಕೂ ಒಬ್ಬರದೇ ಹೆಸರು ಬಂದರೆ ಆ ಪರದೆ ಬಾಳುತ್ತೆ. ಟೈಪ್ ಮಾಡೋರು ಸಿಸ್ಟರ್, ಅನುಕೂಲ ಮಾತ್ರ ಬಿಲ್ಲಿಂಗ್‌ನವರಿಗೆ ಅಂತಾದರೆ, ಕೆಲವೇ ತಿಂಗಳಲ್ಲಿ ಅದರೊಳಗೆ ಅಂದಾಜಿನ ಲೆಕ್ಕ ತುಂಬಿಕೊಳ್ಳುತ್ತೆ. ಸಿಸ್ಟರ್ ಕೆಟ್ಟವರು ಅಂತಲ್ಲ. ಅವರ ಕೈ ಖಾಲಿ ಇಲ್ಲ, ಅಷ್ಟೇ.

ಮೊದಲು ಕಾಗದದ ಪರವಾಗಿ ಎರಡು ಮಾತು. ಕಾಗದದ ಕೇಸ್ ಶೀಟನ್ನು ಬೈಯೋದು ಈಗ ಫ್ಯಾಷನ್. ಆದರೆ ಅದಕ್ಕೆ ಕರೆಂಟ್ ಬೇಡ, ಪಾಸ್‌ವರ್ಡ್ ಬೇಡ. ಹಾಸಿಗೆ ಪಕ್ಕದಲ್ಲೇ ತೂಗಾಡುತ್ತಿರುತ್ತೆ. ಟೆಂಪರೇಚರ್ ಚಾರ್ಟಿನ ಗೆರೆ ನೋಡಿದರೆ ಸಾಕು, ಮೂರು ದಿನದ ಜ್ವರದ ಕಥೆ ಒಂದೇ ನೋಟಕ್ಕೆ ತಿಳಿಯುತ್ತೆ. ಎಷ್ಟೋ ಸಾಫ್ಟ್‌ವೇರಿಗೆ ಇವತ್ತಿಗೂ ಅದು ಬಂದಿಲ್ಲ. ಇವತ್ತು ಕಂಪ್ಯೂಟರಿನಲ್ಲಿ ನಾವು ನೋಡುವ ನೋಟ್ಸ್‌ನ ಅಚ್ಚು ಕೂಡ ಕಾಗದದ ಕಾಲದ್ದೇ. 1968ರಲ್ಲಿ ಅಮೆರಿಕದ ಲಾರೆನ್ಸ್ ವೀಡ್ ಅನ್ನುವ ವೈದ್ಯರು, ರೋಗಿಯ ದಾಖಲೆ ಅಂದರೆ ಕಂತೆ ಕಂತೆ ಟಿಪ್ಪಣಿ ಆಗಬಾರದು, ಅವರ ಒಂದೊಂದು ಸಮಸ್ಯೆಯ ಕೆಳಗೆ ಜೋಡಿಸಿ ಬರೆಯಬೇಕು ಅಂತ ವಾದಿಸಿದರು. ರೋಗಿ ಹೇಳಿದ್ದು, ಡಾಕ್ಟರ್ ಕಂಡದ್ದು, ಅದರಿಂದ ತೀರ್ಮಾನಿಸಿದ್ದು, ಮುಂದೆ ಮಾಡೋದು. ಈ ನಾಲ್ಕರ ಇಂಗ್ಲಿಷ್ ಹೆಸರುಗಳ ಮೊದಲಕ್ಷರ ಸೇರಿಸಿ ಹೌಸ್ ಸರ್ಜನ್‌ಗಳು ದಿನಾ ಬರೆಯುವ 'ಸೋಪ್' ನೋಟ್ಸ್ ಬಂದದ್ದು ಅಲ್ಲಿಂದ.

ನಮ್ಮಲ್ಲೂ ಇದು ಹೊಸ ಮಾತೇನಲ್ಲ. 2002ರ ಭಾರತೀಯ ವೈದ್ಯಕೀಯ ಮಂಡಳಿಯ ನಿಯಮಗಳನ್ನು ತೆಗೆದು ನೋಡಿ. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟುಕೊಳ್ಳಬೇಕು. ರೋಗಿಯೋ ಅವರ ಪರವಾದವರೋ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬೇಗ ಸಿಗುವ ಹಾಗೆ ದಾಖಲೆಗಳನ್ನು ಕಂಪ್ಯೂಟರೀಕರಣ ಮಾಡಲು ಪ್ರಯತ್ನಿಸಬೇಕು ಅಂತಲೂ ಅದರಲ್ಲೇ ಇದೆ. ಕೇಂದ್ರ ಆರೋಗ್ಯ ಇಲಾಖೆ ಎಲೆಕ್ಟ್ರಾನಿಕ್ ದಾಖಲೆಗೆ ಮಾನದಂಡಗಳನ್ನು ಮೊದಲು ಹೊರಡಿಸಿದ್ದು 2013ರಲ್ಲಿ, ಪರಿಷ್ಕರಿಸಿದ್ದು 2016ರಲ್ಲಿ. ನಿಯಮಕ್ಕೆ ನಮ್ಮಲ್ಲಿ ಕೊರತೆ ಯಾವತ್ತೂ ಇಲ್ಲ. ಹಳೇ ಫೈಲುಗಳನ್ನು ಇಡುವ ಎಂಆರ್‌ಡಿ ಕೋಣೆಗೆ ಹೋಗಿ ಎರಡು ವರ್ಷ ಹಿಂದಿನ ಒಂದು ಫೈಲ್ ಕೇಳಿ ನೋಡಿ, ಆಗ ಗೊತ್ತಾಗುತ್ತೆ.

ಕಾಗದ ಎಲ್ಲಿ ಸೋಲುತ್ತೆ ಅಂತ ನೋಡಲು ಒಂದು ಡಿಸ್ಚಾರ್ಜ್ ದಿನವನ್ನು ಹಿಂಬಾಲಿಸಿದರೆ ಸಾಕು. ಹರ್ನಿಯಾ ಆಪರೇಷನ್ ಆದ ಒಬ್ಬ ರೈತ ಅಂತಿಟ್ಟುಕೊಳ್ಳಿ. ಬೆಳಗ್ಗೆ ಒಂಬತ್ತೂವರೆ ರೌಂಡ್ಸ್‌ನಲ್ಲಿ ದೊಡ್ಡ ಡಾಕ್ಟರು "ಇವತ್ತು ಮನೆಗೆ ಹೋಗಬಹುದು ಯಜಮಾನ್ರೇ" ಅಂದರು. ಮನೆಯವರು ಅರ್ಧ ಗಂಟೆಯಲ್ಲಿ ಚೀಲ ಕಟ್ಟಿ ಮಂಚದ ತುದಿಯಲ್ಲಿ ಕೂತರು. ಈಗ ಡಿಸ್ಚಾರ್ಜ್ ಸಮರಿ ಬರೆಯಬೇಕಾದ ಹೌಸ್ ಸರ್ಜನ್ ಹುಡುಗ ಓಟಿಯೊಳಗೆ ಸೇರಿಕೊಂಡಿದ್ದಾನೆ. ಬಳಸದೆ ಉಳಿದ ಇಂಜೆಕ್ಷನ್, ಐವಿ ಸೆಟ್ಟುಗಳನ್ನು ಸಿಸ್ಟರ್ ಎಣಿಸಿ ಫಾರ್ಮಸಿಗೆ ವಾಪಸ್ ಕಳಿಸಬೇಕು. ಫಾರ್ಮಸಿಯವರು ಎಣಿಸಿ ರಿಟರ್ನ್ ಹಾಕಬೇಕು. ಲ್ಯಾಬಿನ ಬಿಲ್ ಸೇರಬೇಕು. ಫಿಸಿಷಿಯನ್ ಒಮ್ಮೆ ಬಂದು ಶುಗರ್ ನೋಡಿ ಹೋಗಿದ್ದರಲ್ಲ, ಆ ಕ್ರಾಸ್ ಕನ್ಸಲ್ಟೇಶನ್ ಫೀ ಹಾಕಿದೆಯೋ ಇಲ್ಲವೋ ಬಿಲ್ಲಿಂಗ್‌ನವರು ವಾರ್ಡಿಗೆ ಫೋನ್ ಮಾಡುತ್ತಾರೆ. ವಾರ್ಡಿನ ಫೋನ್ ಎಂಗೇಜ್. ಅಟೆಂಡರ್ ಫೈಲ್ ಹಿಡಿದು ಮೂರು ಮಹಡಿ ಹತ್ತಿ ಇಳಿಯುತ್ತಾನೆ. ಕ್ಯಾಶ್‌ಲೆಸ್ ಆಗಿದ್ದರೆ ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡುವ ಟಿಪಿಎಯಿಂದ ಒಂದು ಕ್ವೆರಿ: ಆಪರೇಷನ್ ನೋಟ್ಸ್‌ನಲ್ಲಿ ಎಡ ಅಂತಿದೆ, ಸಮರಿಯಲ್ಲಿ ಬಲ ಅಂತಿದೆ, ಯಾವುದು ಸರಿ? ಸಂಜೆ ಐದಕ್ಕೆ ಎಲ್ಲ ಮುಗಿಯುವ ಹೊತ್ತಿಗೆ ಊರಿನ ಕೊನೇ ಬಸ್ಸು ಹೋಗಿರುತ್ತೆ. ಆ ಹಾಸಿಗೆಗಾಗಿ ಕ್ಯಾಶುವಾಲಿಟಿಯಲ್ಲಿ ಇನ್ನೊಬ್ಬರು ಸ್ಟ್ರೆಚರ್ ಮೇಲೇ ಕಾಯುತ್ತಿರುತ್ತಾರೆ.

ಈ ಏಳೂವರೆ ಗಂಟೆಯಲ್ಲಿ ವೈದ್ಯಕೀಯ ಅನ್ನುವಂಥದ್ದು ಏನಾದರೂ ನಡೆಯಿತಾ? ಬರೀ ಕಾಗದದ ಓಡಾಟ. 2024ರ ಮೇ ತಿಂಗಳಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಹೊರಡಿಸಿದ ಸುತ್ತೋಲೆ ಪ್ರಕಾರ, ಆಸ್ಪತ್ರೆಯಿಂದ ಡಿಸ್ಚಾರ್ಜ್ ಕೋರಿಕೆ ಹೋದ ಮೂರು ಗಂಟೆಯೊಳಗೆ ವಿಮಾ ಕಂಪನಿ ಕ್ಯಾಶ್‌ಲೆಸ್‌ನ ಕೊನೆಯ ಒಪ್ಪಿಗೆ ಕೊಡಬೇಕು. ಒಳ್ಳೆಯದೇ. ಆದರೆ ನಮ್ಮ ಕಡೆಯಿಂದ ಕೋರಿಕೆ ಹೋಗೋದೇ ಮಧ್ಯಾಹ್ನ ಎರಡಕ್ಕೆ ಅಂತಾದರೆ ಆ ಮೂರು ಗಂಟೆಯಿಂದ ರೈತನಿಗೇನು ಬಂತು?

ಇಲ್ಲಿ ಎಲೆಕ್ಟ್ರಾನಿಕ್ ದಾಖಲೆ ನಿಜಕ್ಕೂ ಕೆಲಸ ಮಾಡುತ್ತೆ. ಲ್ಯಾಬ್ ರಿಪೋರ್ಟ್, ಆಪರೇಷನ್ ನೋಟ್ಸ್, ಕೊಟ್ಟ ಔಷಧಿ ಎಲ್ಲ ಮೊದಲೇ ಒಳಗಿದ್ದರೆ ಸಮರಿಯ ಮುಕ್ಕಾಲು ಭಾಗ ತಾನಾಗೇ ತುಂಬಿಕೊಳ್ಳುತ್ತೆ. ಡಾಕ್ಟರ್ ಓದಿ ತಿದ್ದಿದರೆ ಆಯಿತು. ಗಮನಿಸಿ, ಇಲ್ಲಿ ಟೈಪ್ ಮಾಡುವ ಹೌಸ್ ಸರ್ಜನ್‌ಗೇ ಕೆಲಸ ಕಡಿಮೆ ಆಯಿತು. ಯಾರೂ ಅವನಿಗೆ ಬುದ್ಧಿ ಹೇಳಬೇಕಾಗಿಲ್ಲ. ತಾನೇ ಬಂದು "ಸಾರ್, ನಮ್ಮ ವಾರ್ಡಿಗೆ ಯಾವಾಗ ಕೊಡ್ತೀರಾ?" ಅಂತ ಕೇಳುತ್ತಾನೆ.

ಈಗ ಉಲ್ಟಾ ಆದ ಕಥೆಗಳು. ಇವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸಾಫ್ಟ್‌ವೇರ್ ಮಾರುವವರು ಇವನ್ನು ಹೇಳೋದಿಲ್ಲ.

ಲಾಸ್ ಏಂಜಲಿಸ್‌ನ ಸೀಡರ್ಸ್-ಸೈನಾಯ್ ದೊಡ್ಡ, ಹಣವಂತ ಆಸ್ಪತ್ರೆ. ಸುಮಾರು 3.4 ಕೋಟಿ ಡಾಲರ್ ಸುರಿದು, ಡಾಕ್ಟರುಗಳು ಔಷಧಿ, ಪರೀಕ್ಷೆಗಳ ಆರ್ಡರ್‌ಗಳನ್ನು ಕಂಪ್ಯೂಟರಿನಲ್ಲೇ ಹಾಕುವ ವ್ಯವಸ್ಥೆ ತಂದರು. ಹೊರಗಿನಿಂದ ಬಂದು ರೋಗಿ ನೋಡಿ ಹೋಗುವ ಡಾಕ್ಟರುಗಳೇ ಅಲ್ಲಿ ಜಾಸ್ತಿ. ಹಿಂದೆ ಒಂದು ಗೀಟು ಎಳೆದರೆ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಪರದೆ ಮೇಲೆ ಪರದೆ ದಾಟಬೇಕಾಯಿತು. ನೂರಾರು ಡಾಕ್ಟರುಗಳು ತಿರುಗಿಬಿದ್ದರು. 2003ರ ಜನವರಿಯಲ್ಲಿ ಆಡಳಿತದವರು ಅದನ್ನು ನಿಲ್ಲಿಸಿ ಮತ್ತೆ ಕಾಗದಕ್ಕೆ ಬಂದರು. ಹಣ ಕೊಟ್ಟವರು ಆಡಳಿತದವರು, ಸಮಯ ಕೊಡಬೇಕಾದವರು ಡಾಕ್ಟರುಗಳು. ಆ ಸಮಯಕ್ಕೆ ಬದಲಾಗಿ ಅವರ ಕೈಗೆ ಏನೂ ಬರಲಿಲ್ಲ.

ಇನ್ನೊಂದು ಪಿಟ್ಸ್‌ಬರ್ಗ್‌ನ ಮಕ್ಕಳ ಆಸ್ಪತ್ರೆಯದ್ದು. 2002ರಲ್ಲಿ ಅಲ್ಲಿ ಇಂಥದ್ದೇ ವ್ಯವಸ್ಥೆಯನ್ನು ಇಡೀ ಆಸ್ಪತ್ರೆಗೆ ಆರೇ ದಿನದಲ್ಲಿ ಜಾರಿ ಮಾಡಿದರು. ಬೇರೆ ಆಸ್ಪತ್ರೆಗಳಿಂದ ತುರ್ತಾಗಿ ಸಾಗಿಸಿ ತಂದ ಮಕ್ಕಳ ಸಾವಿನ ಪ್ರಮಾಣ ಮೊದಲು ಶೇ. 2.80 ಇದ್ದದ್ದು ಆಮೇಲೆ ಶೇ. 6.57ಕ್ಕೆ ಏರಿತು. ಇದನ್ನು ಅಲ್ಲಿನ ವೈದ್ಯರೇ 2005ರಲ್ಲಿ ಪ್ರಕಟಿಸಿದರು. ಅವರ ಪ್ರಾಮಾಣಿಕತೆ ಮೆಚ್ಚಬೇಕು. ಕಾರಣಗಳನ್ನು ಕೇಳಿ. ಹಿಂದೆ ಮಗು ಇನ್ನೂ ದಾರಿಯಲ್ಲಿ ಇರುವಾಗಲೇ ಔಷಧಿ ಆರ್ಡರ್ ಬರೆದು ರೆಡಿ ಮಾಡಿಕೊಳ್ಳುತ್ತಿದ್ದರು. ಹೊಸ ವ್ಯವಸ್ಥೆಯಲ್ಲಿ ಮಗು ಬಂದು, ರಿಜಿಸ್ಟರ್ ಆಗಿ, ನಂಬರ್ ಸಿಕ್ಕ ಮೇಲೆಯೇ ಆರ್ಡರ್ ಹಾಕಲು ಸಾಧ್ಯ. ಕೆಲವೇ ಸೆಕೆಂಡಿನ ಬರವಣಿಗೆಗೆ ಒಂದೆರಡು ನಿಮಿಷ ಬೇಕಾಯಿತು. ತುರ್ತು ಔಷಧಿಗಳನ್ನು ಐಸಿಯುನಿಂದ ಎತ್ತಿ ಕೇಂದ್ರ ಫಾರ್ಮಸಿಗೆ ಸೇರಿಸಿದ್ದರು. ಮಗುವಿನ ಪಕ್ಕ ಇರಬೇಕಾದ ಒಬ್ಬರು ಕಂಪ್ಯೂಟರಿನ ಮುಂದೆ ಕೂತರು.

ಸಾಫ್ಟ್‌ವೇರೇ ಕೆಟ್ಟದ್ದು ಅಂತ ಇಷ್ಟಕ್ಕೇ ಷರಾ ಬರೆಯಬೇಡಿ. ಅದೇ ಕಂಪನಿಯ ಅದೇ ವ್ಯವಸ್ಥೆಯನ್ನು ಸಿಯಾಟಲ್‌ನ ಮಕ್ಕಳ ಆಸ್ಪತ್ರೆಯವರೂ ತಂದರು. 2006ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ ಐಸಿಯು ಸಾವು ಹೆಚ್ಚಿರಲಿಲ್ಲ. ಐಸಿಯುನಲ್ಲಿ ಒಟ್ಟೊಟ್ಟಿಗೆ ಬೇಕಾಗುವ ಆರ್ಡರ್‌ಗಳನ್ನು ಅವರು ಮೊದಲೇ ಕಟ್ಟು ಕಟ್ಟಿ ಇಟ್ಟಿದ್ದರು. ಒಂದು ಕ್ಲಿಕ್ಕಿಗೆ ಇಡೀ ಕಟ್ಟು ಬರುತ್ತಿತ್ತು. ಅದೇ ಸರಕು, ಬೇರೆ ಮನೆ, ಬೇರೆ ಫಲ. ಟೆಂಡರ್‌ನಲ್ಲಿ ಯಾವ ಕಂಪನಿ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವ ನಾವು, ಆಮೇಲೆ ಅದನ್ನು ಕೂರಿಸುವ ವಿಧಾನಕ್ಕೆ ಒಂದು ವಾರ ಕೊಡುತ್ತೇವೆ. ಇದನ್ನು ತಿರುಗುಮುರುಗು ಮಾಡಬೇಕು.

ಅಮೆರಿಕ ಸರ್ಕಾರ 2009ರಲ್ಲಿ ಕಾನೂನು ತಂದು, ಎಲೆಕ್ಟ್ರಾನಿಕ್ ದಾಖಲೆ ಬಳಸುವವರಿಗೆ ಪ್ರೋತ್ಸಾಹಧನ ಅಂತ 3,000 ಕೋಟಿ ಡಾಲರ್‌ಗೂ ಮಿಕ್ಕಿ ಹಂಚಿತು. 2008ರಲ್ಲಿ ನೂರಕ್ಕೆ ಹತ್ತು ಆಸ್ಪತ್ರೆಯಲ್ಲೂ ಸರಿಯಾದ ವ್ಯವಸ್ಥೆ ಇರಲಿಲ್ಲ. 2015ರ ಹೊತ್ತಿಗೆ ಅದು ಎಂಬತ್ತು ದಾಟಿತ್ತು. ಗೆಲುವು ಅಂತ ಚಪ್ಪಾಳೆ ತಟ್ಟುವಷ್ಟರಲ್ಲಿ 2016ರಲ್ಲಿ ಒಂದು ಅಧ್ಯಯನ ಬಂತು. ಡಾಕ್ಟರು ರೋಗಿಯ ಎದುರು ಕಳೆಯುವ ಪ್ರತಿ ಒಂದು ಗಂಟೆಗೆ ಸುಮಾರು ಎರಡು ಗಂಟೆ ಕಂಪ್ಯೂಟರ್ ಮತ್ತು ಟೇಬಲ್ ಕೆಲಸಕ್ಕೆ ಹೋಗುತ್ತಿದೆ ಅಂತ. ದಾಖಲೆ ಬಂದದ್ದು ನಿಜ. ಆದರೆ ಅದರಲ್ಲಿ ಎಷ್ಟೋ ಭಾಗ ಬಿಲ್ಲಿಗಾಗಿ ಬರೆದದ್ದು.

ನಮ್ಮಲ್ಲಿ ಇದಕ್ಕೆ ಬೇರೆಯದೇ ರೂಪ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕೇಸ್ ಇದ್ದರೆ ರೋಗಿಯ ವಿವರ ನಮ್ಮ ಸಾಫ್ಟ್‌ವೇರಿನಲ್ಲಿ ಒಮ್ಮೆ, ಯೋಜನೆಯ ಪೋರ್ಟಲ್‌ನಲ್ಲಿ ಇನ್ನೊಮ್ಮೆ. ಖಾಸಗಿ ವಿಮೆ ಇದ್ದರೆ ಟಿಪಿಎ ಪೋರ್ಟಲ್‌ನಲ್ಲಿ ಮತ್ತೊಮ್ಮೆ. ಯೋಜನೆಯ ಕಡೆಯ ಆರೋಗ್ಯಮಿತ್ರರೂ ನಮ್ಮ ಡೆಸ್ಕಿನವರೂ ಅಕ್ಕಪಕ್ಕ ಕೂತು ಅದದೇ ಹೆಸರು, ಅದದೇ ವಯಸ್ಸು ಕುಟ್ಟುತ್ತಾರೆ. ಒಂದರಲ್ಲಿ 54 ವರ್ಷ, ಇನ್ನೊಂದರಲ್ಲಿ 45. ಆಮೇಲೆ ಕ್ಲೇಮ್ ರಿಜೆಕ್ಟ್. ಸುಮ್ನೆ ಜಗಳ.

ವಯಸ್ಸಿನ ಮಾತು ಬಂತಲ್ಲ, ರಿಜಿಸ್ಟ್ರೇಷನ್ ಕೌಂಟರ್ ಹತ್ತಿರ ಸ್ವಲ್ಪ ನಿಲ್ಲೋಣ. ಇಡೀ ಕಟ್ಟಡದ ಪಾಯ ಇರೋದು ಅಲ್ಲಿ. ನಮ್ಮ ಜಿಲ್ಲೆಗಳಲ್ಲಿ ಎಷ್ಟು ಜನ ಮಂಜುನಾಥ, ಎಷ್ಟು ಜನ ಲಕ್ಷ್ಮಮ್ಮ ಇದ್ದಾರೆ ಅಂತ ನಿಮಗೆ ಗೊತ್ತು. ಒಬ್ಬರೇ ಮನುಷ್ಯ ಒಮ್ಮೆ ಎಸ್. ಮಂಜುನಾಥ, ಇನ್ನೊಮ್ಮೆ ಮಂಜುನಾಥ ಎಸ್., ಮಗದೊಮ್ಮೆ ಮಂಜಣ್ಣ. ಜನ್ಮದಿನ ಕೇಳಿದರೆ ಜನವರಿ 1. ಅರ್ಧ ಊರೇ ಆವತ್ತು ಹುಟ್ಟಿರುತ್ತೆ. ಮೊಬೈಲ್ ನಂಬರ್ ಮಗನದ್ದು, ಮುಂದಿನ ಸಲ ಅಳಿಯನದ್ದು. ಓಪಿ ಚೀಟಿ ಕಳೆದಿರುತ್ತೆ. ಸಾಲು ಬಾಗಿಲ ತನಕ ಇದೆ, ಹಿಂದಿನವರು ಗದರುತ್ತಿದ್ದಾರೆ. ಕೌಂಟರಿನ ಹುಡುಗಿ ಹಳೆ ನಂಬರ್ ಹುಡುಕುತ್ತಾ ಕೂರುತ್ತಾಳಾ? ಹೊಸ ರಿಜಿಸ್ಟ್ರೇಷನ್ ಒತ್ತುತ್ತಾಳೆ. ಹಳೆಯ ನಂಬರಿನಲ್ಲಿ ಬರೆದಿದ್ದ ಸಲ್ಫಾ ಅಲರ್ಜಿ ಅಲ್ಲೇ ಉಳಿಯಿತು. ಆ ಹುಡುಗಿಯನ್ನು ಬೈದು ಪ್ರಯೋಜನವಿಲ್ಲ. ನೀವು ಅವಳ ಕೆಲಸ ಅಳೆಯೋದು ಸಾಲು ಎಷ್ಟು ಬೇಗ ಕರಗಿತು ಅನ್ನೋದರಿಂದ ತಾನೇ?

ಆಭಾ ನಂಬರ್ ಕೆಲಸಕ್ಕೆ ಬರೋದು ಇಲ್ಲಿ. ಒಬ್ಬೊಬ್ಬರ ಆರೋಗ್ಯ ದಾಖಲೆಗೆ ಅಂತ ಕೇಂದ್ರ ಸರ್ಕಾರ ಕೊಡುವ 14 ಅಂಕಿಯ ಗುರುತು ಸಂಖ್ಯೆ. 2020ರ ಆಗಸ್ಟ್ 15ರಂದು ಕೆಲವು ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಯೋಗವಾಗಿ ಶುರುವಾಗಿ, 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅನ್ನುವ ಹೆಸರಿನಲ್ಲಿ ದೇಶಕ್ಕೆಲ್ಲ ಬಂತು. 70 ಕೋಟಿಗೂ ಹೆಚ್ಚು ನಂಬರ್ ಹುಟ್ಟಿವೆ. ಆದರೆ ನಂಬರ್ ಇದೆ ಅಂದಮಾತ್ರಕ್ಕೆ ಅದರ ಹಿಂದೆ ದಾಖಲೆ ಇದೆ ಅಂತಲ್ಲ. ಲಸಿಕೆ ಹಾಕಿಸಿಕೊಂಡಾಗಲೋ ಇನ್ನಾವುದೋ ಕ್ಯಾಂಪಿನಲ್ಲೋ ಮಾಡಿಸಿಕೊಂಡು ಮರೆತವರು ಎಷ್ಟೋ ಜನ.

ಜನರಿಗೆ ಇನ್ನೊಂದು ಭಯ ಇದೆ, ನಿಮ್ಮಲ್ಲೂ ಕೆಲವರಿಗಿದೆ. ನಮ್ಮ ರಿಪೋರ್ಟೆಲ್ಲ ದೆಹಲಿಯ ಒಂದು ಕಂಪ್ಯೂಟರಿಗೆ ಹೋಗಿ ಬೀಳುತ್ತೆ ಅಂತ. ವ್ಯವಸ್ಥೆ ಕಟ್ಟಿರೋದು ಹಾಗಲ್ಲ. ದಾಖಲೆ ಹುಟ್ಟಿದ ಆಸ್ಪತ್ರೆಯಲ್ಲೋ ಲ್ಯಾಬಿನಲ್ಲೋ ಇರುತ್ತೆ. ರೋಗಿ ತನ್ನ ಫೋನಿನಲ್ಲಿ ಒಪ್ಪಿಗೆ ಕೊಟ್ಟರೆ, ಕೇಳಿದ ಡಾಕ್ಟರಿಗೆ ಅಲ್ಲಿಂದ ಇಲ್ಲಿಗೆ ಬರುತ್ತೆ. ಇಷ್ಟು ದಿನಕ್ಕೆ ಮಾತ್ರ, ಇಂಥ ದಾಖಲೆ ಮಾತ್ರ ಅಂತ ಮಿತಿ ಹಾಕಬಹುದು. ಕಾಗದದ ಮೇಲೆ ಇದು ಚೆನ್ನಾಗಿದೆ. ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿ ಒಪ್ಪಿಗೆ ಕೊಡೋದು ಮೊಮ್ಮಗನ ಬೆರಳಿನಿಂದ, ಅದೂ ನಮಗೆ ಗೊತ್ತಿರಬೇಕು.

ಈ ಮಿಷನ್‌ನಲ್ಲಿ ಜನ ತಾವಾಗಿ ಬಳಸಿದ್ದು ಯಾವುದು ಅಂದರೆ ಸ್ಕ್ಯಾನ್ ಅಂಡ್ ಶೇರ್. 2022ರ ಅಕ್ಟೋಬರ್‌ನಲ್ಲಿ ದೆಹಲಿಯ ಲೇಡಿ ಹಾರ್ಡಿಂಜ್ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಶುರುವಾಯಿತು. ಓಪಿಡಿ ಗೋಡೆಯ ಮೇಲಿನ ಕ್ಯೂಆರ್ ಕೋಡಿಗೆ ಫೋನ್ ಹಿಡಿದರೆ ನಿಮ್ಮ ಹೆಸರು, ವಯಸ್ಸು, ವಿಳಾಸ ಆಸ್ಪತ್ರೆಗೆ ಹೋಗುತ್ತೆ, ನಿಮಗೆ ಟೋಕನ್ ನಂಬರ್ ಬರುತ್ತೆ. ಇಷ್ಟೇ. ಯಾಕೆ ಹಿಡಿಸಿತು? ಫೋನ್ ಹಿಡಿದವರಿಗೇ ಆ ಕ್ಷಣದಲ್ಲೇ ಸಾಲು ತಪ್ಪಿತು. ಕೌಂಟರಿನ ಹುಡುಗಿಗೆ ಕುಟ್ಟೋದು ತಪ್ಪಿತು. ಜತೆಗೆ ಮಂಜುನಾಥ ಪ್ರತಿ ಸಲವೂ ಅದೇ ಮಂಜುನಾಥನಾಗಿ ಬಂದ.

ದೊಡ್ಡ ದುಡ್ಡಿಲ್ಲದೆ ಆಗೋದಿಲ್ಲ ಅನ್ನುವವರಿಗೆ ನಾನು ಗನಿಯಾರಿಯ ಉದಾಹರಣೆ ಕೊಡುತ್ತೇನೆ. ಛತ್ತೀಸಗಢದ ಬಿಲಾಸ್‌ಪುರದ ಹತ್ತಿರದ ಹಳ್ಳಿ. ಅಲ್ಲಿ ಜನ ಸ್ವಾಸ್ಥ್ಯ ಸಹಯೋಗ ಅನ್ನುವ ಸಂಸ್ಥೆಯ ಆಸ್ಪತ್ರೆ ಇದೆ. ಸುತ್ತಲಿನ ಕಾಡಿನ ಊರುಗಳಿಂದ ಆದಿವಾಸಿಗಳು ದಿನಗಟ್ಟಲೆ ದಾರಿ ಮಾಡಿಕೊಂಡು ಬರುವ ಜಾಗ. ಥಾಟ್‌ವರ್ಕ್ಸ್ ಕಂಪನಿಯ ಎಂಜಿನಿಯರುಗಳು ಅಲ್ಲಿನ ಡಾಕ್ಟರು, ಸಿಸ್ಟರ್, ಲ್ಯಾಬಿನವರ ಜತೆ ಕೂತು 'ಬಾಮ್ನಿ' ಅನ್ನುವ ಸಾಫ್ಟ್‌ವೇರ್ ಕಟ್ಟಿದರು. ಆಫ್ರಿಕಾದ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದ ಓಪನ್‌ಎಂಆರ್‌ಎಸ್ ಅನ್ನುವ ದಾಖಲೆ ಸಾಫ್ಟ್‌ವೇರನ್ನು ತಳಪಾಯವಾಗಿ ಇಟ್ಟುಕೊಂಡು, ಅದಕ್ಕೆ ಲ್ಯಾಬಿನದ್ದು, ಸ್ಟಾಕ್ ಮತ್ತು ಬಿಲ್ಲಿನದ್ದು ಬೇರೆ ಬೇರೆ ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಪುಕ್ಕಟೆ ಬಳಸಿ ತಿದ್ದಿಕೊಳ್ಳಬಹುದಾದ, ತುಣುಕುಗಳನ್ನು ಹೆಣೆದರು. ಸರ್ವರ್ ಆಸ್ಪತ್ರೆಯೊಳಗೇ. ಇಂಟರ್ನೆಟ್ ಹೋದರೆ ಕೆಲಸ ನಿಲ್ಲೋದಿಲ್ಲ. ಈಗ ಅದು ಎಷ್ಟೋ ದೇಶಗಳಲ್ಲಿ ಓಡುತ್ತಿದೆ. ಸಾಫ್ಟ್‌ವೇರ್ ಪುಕ್ಕಟೆ ಅಂದಮಾತ್ರಕ್ಕೆ ಖರ್ಚಿಲ್ಲ ಅಂತ ತಿಳಿಯಬೇಡಿ. ಅದನ್ನು ನೋಡಿಕೊಳ್ಳುವವರಿಗೆ ಸಂಬಳ ಕೊಡಲೇಬೇಕು. ಆದರೆ ಬಳಸುವವರ ಪಕ್ಕದಲ್ಲೇ ಕೂತು ಕಟ್ಟಿದ್ದಕ್ಕೂ, ಎಲ್ಲೋ ಕಟ್ಟಿ ತಂದು ಹೇರಿದ್ದಕ್ಕೂ ಇರುವ ಅಂತರ ಪರದೆಯಲ್ಲೇ ಕಾಣುತ್ತೆ.

ಈ ಪಕ್ಕದಲ್ಲಿ ಕೂರೋದು ಯಾಕೆ ಅಂತ ಒಂದು ಸಣ್ಣ ಉದಾಹರಣೆ. ಒಂದು ಆಸ್ಪತ್ರೆಯಲ್ಲಿ ವಾರ್ಡಿನ ಲಾಗ್ ತೆಗೆಸಿ ನೋಡಿದೆವು. ಬಿಪಿ, ಪಲ್ಸ್, ಟೆಂಪರೇಚರ್ ಎಲ್ಲ ತುಂಬಿದ್ದಾರೆ, ಒಂದೂ ಖಾಲಿ ಇಲ್ಲ. ಆಡಳಿತದವರಿಗೆ ಸಂತೋಷ. ಆದರೆ ವೇಳೆ ನೋಡಿದರೆ ಇಡೀ ವಾರ್ಡಿನ ಬಿಪಿ ಮಧ್ಯಾಹ್ನ 1:40ರಿಂದ 1:50ರೊಳಗೆ. ಅಷ್ಟು ಬೇಗ ಯಾವ ಸಿಸ್ಟರೂ ಬಿಪಿ ನೋಡಲಾರರು. ಹೋಗಿ ನಿಂತು ನೋಡಿದರೆ ವಿಷಯ ಸರಳ. ಬೆಳಗ್ಗೆಯಿಂದ ಹಾಸಿಗೆ ಹಾಸಿಗೆಗೆ ಹೋಗಿ ಬಿಪಿ ನೋಡಿದ್ದು ನಿಜ. ಬರೆದುಕೊಂಡದ್ದು ಗ್ಲೌಸ್ ಡಬ್ಬಿಯ ರಟ್ಟಿನ ಮೇಲೆ. ಕಂಪ್ಯೂಟರ್ ಇದ್ದದ್ದು ವಾರ್ಡಿನ ಆ ತುದಿಯ ನರ್ಸಿಂಗ್ ಸ್ಟೇಷನ್‌ನಲ್ಲಿ. ಎರಡು ಗಂಟೆಗೆ ಪಾಳಿ ಬದಲಾಗುವ ಮುಂಚೆ ರಟ್ಟು ನೋಡಿಕೊಂಡು ಒಟ್ಟಿಗೆ ಕುಟ್ಟುತ್ತಿದ್ದರು. ಹತ್ತು ಗಂಟೆಗೆ ಬಿಪಿ ಬಿದ್ದದ್ದು ಡಾಕ್ಟರಿಗೆ ಕಾಣೋದು ಮಧ್ಯಾಹ್ನ ಊಟದ ಹೊತ್ತಿಗೆ.

ಸುತ್ತೋಲೆ ಹೊರಡಿಸಿದ್ದರೆ ಇದು ಸರಿ ಹೋಗುತ್ತಿರಲಿಲ್ಲ. ಔಷಧಿ ಟ್ರಾಲಿಯ ಮೇಲೆ ಒಂದು ಟ್ಯಾಬ್ ಕೂರಿಸಿದರು. ಅದಕ್ಕಿಂತ ಮುಖ್ಯವಾಗಿ, ಪಾಳಿ ಬದಲಾಗುವಾಗ ಸಿಸ್ಟರುಗಳು ಕೈಯಲ್ಲಿ ಬರೆಯುತ್ತಿದ್ದ ಹ್ಯಾಂಡ್‌ಓವರ್ ಪಟ್ಟಿ ಅದೇ ಮಾಹಿತಿಯಿಂದ ತಾನಾಗಿ ಪ್ರಿಂಟ್ ಆಗುವ ಹಾಗೆ ಮಾಡಿದರು. ಯಾರಿಗೆ ಜ್ವರ, ಯಾರ ಐವಿ ಬದಲಿಸಬೇಕು, ಯಾರಿಗೆ ರಾತ್ರಿ ಹತ್ತಕ್ಕೆ ಇಂಜೆಕ್ಷನ್. ಆಮೇಲೆ ಹೇಳಬೇಕಾಗಲಿಲ್ಲ. ಬಿಪಿ ನೋಡಿದ ತಕ್ಷಣ ಹಾಕದಿದ್ದರೆ ತಮ್ಮ ಪಟ್ಟಿಯೇ ಅರ್ಧ ಆಗುತ್ತಲ್ಲ.

ಡಾಕ್ಟರುಗಳ ಕಡೆ ಇದರ ಸಹೋದರ ರೋಗ ಕಾಪಿ-ಪೇಸ್ಟ್. ನಿನ್ನೆಯ ನೋಟ್ಸ್ ಇವತ್ತಿಗೆ, ಇವತ್ತಿನದ್ದು ನಾಳೆಗೆ. ಟೆಂಪ್ಲೇಟ್ ಇನ್ನೂ ಅಪಾಯ. ಒಂದು ಕಣ್ಣು ಗಾಜಿನದ್ದಾಗಿರುವ ಅಜ್ಜನ ಕೇಸ್‌ನಲ್ಲೂ "ಎರಡೂ ಪಾಪೆ ಬೆಳಕಿಗೆ ಸರಿಯಾಗಿ ಕುಗ್ಗುತ್ತಿವೆ" ಅಂತ ಬಂದಿರುತ್ತೆ. ಕೋರ್ಟಿನಲ್ಲಿ ಆ ಒಂದು ಸಾಲು ಸಾಕು, ನಿಮ್ಮ ಇಡೀ ಕೇಸ್ ಶೀಟ್ ಮೇಲಿನ ನಂಬಿಕೆ ಹೋಗಲು. ಖಾಲಿ ಬಿಟ್ಟರೂ ಪರವಾಗಿಲ್ಲ, ತಾನಾಗೇ 'ನಾರ್ಮಲ್' ಅಂತ ತುಂಬುವ ಟೆಂಪ್ಲೇಟ್ ಬೇಡ ಅಂತ ಮೊದಲ ದಿನವೇ ಹೇಳಿಬಿಡಿ.

ಕೆಟ್ಟ ದಿನದ ತಯಾರಿ ಬಗ್ಗೆ. 2022ರ ನವೆಂಬರ್ 23ರ ಬೆಳಗ್ಗೆ ದೆಹಲಿಯ ಏಮ್ಸ್ ಸರ್ವರ್‌ಗಳು ರ‍್ಯಾನ್ಸಮ್‌ವೇರ್ ದಾಳಿಗೆ, ಅಂದರೆ ಮಾಹಿತಿಗೆ ಬೀಗ ಹಾಕಿ ದುಡ್ಡು ಕೇಳುವವರ ಕೈಗೆ, ಸಿಕ್ಕವು. ಸಂಸತ್ತಿನಲ್ಲಿ ಸರ್ಕಾರ ಕೊಟ್ಟ ಉತ್ತರದ ಪ್ರಕಾರ ಐದು ಸರ್ವರ್‌ಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿ ಬೀಗ ಹಾಕಿಸಿಕೊಂಡಿತು. ನೆಟ್‌ವರ್ಕನ್ನು ಸರಿಯಾಗಿ ಭಾಗ ಮಾಡದೆ ಇದ್ದದ್ದು ಕಾರಣ ಅಂದರು. ರಿಜಿಸ್ಟ್ರೇಷನ್, ಲ್ಯಾಬ್, ಬಿಲ್ಲಿಂಗ್ ಎಲ್ಲ ಸುಮಾರು ಎರಡು ವಾರ ಕೈಬರಹದಲ್ಲಿ. ದೇಶದ ಅಷ್ಟು ದೊಡ್ಡ ಹೆಸರಿನ ಆಸ್ಪತ್ರೆಗೇ ಹೀಗಾದರೆ ನಮ್ಮ ಮೆಟ್ಟಿಲ ಕೆಳಗಿನ ಸರ್ವರ್ ಕೋಣೆಯ ಗತಿ? ಎಷ್ಟೋ ಕಡೆ ಆ ಕೋಣೆಯಲ್ಲೇ ಪೊರಕೆ, ಫಿನಾಯಿಲ್ ಇಟ್ಟಿರುತ್ತಾರೆ.

ಮೂರು ವಿಚಾರ ನೋಡಿಕೊಳ್ಳಿ. ಬ್ಯಾಕಪ್‌ನ ಒಂದು ಪ್ರತಿ ನೆಟ್‌ವರ್ಕಿನಿಂದ ಬಿಡಿಸಿ ಬೇರೆ ಕಟ್ಟಡದಲ್ಲಿ ಇರಬೇಕು. ಆ ಬ್ಯಾಕಪ್‌ನಿಂದ ವಾಪಸ್ ತೆಗೆಯಲು ಬರುತ್ತಾ ಅಂತ ಆಗಾಗ ನಿಜವಾಗಿ ತೆಗೆದು ನೋಡಬೇಕು. ಪ್ರತಿ ವಾರ್ಡಿನಲ್ಲೂ ಖಾಲಿ ಔಷಧಿ ಚಾರ್ಟ್, ಲ್ಯಾಬ್ ಫಾರಂ, ಕಾರ್ಬನ್ ಇರುವ ಡಬ್ಬಿ ಒಂದು ಇರಬೇಕು. ಹೊಸ ಸಿಸ್ಟರುಗಳು ಕಾಗದದ ಚಾರ್ಟ್ ನೋಡಿಯೇ ಇರೋದಿಲ್ಲ, ಅವರಿಗೆ ಕಲಿಸಿ. ವರ್ಷಕ್ಕೆ ಒಂದೆರಡು ಸಲ ಹೇಳಿ ಕೇಳಿ ಎರಡು ಗಂಟೆ ಸಿಸ್ಟಮ್ ನಿಲ್ಲಿಸಿ ಅಭ್ಯಾಸ ಮಾಡಿಸಿ. ಬೈಗುಳ ತಿನ್ನುತ್ತೀರಿ, ತಿನ್ನಿ.

ಗುಟ್ಟಿನ ವಿಚಾರ. ಕಳ್ಳರು ಹೊರಗಿನಿಂದ ಬರುತ್ತಾರೆ ಅಂತ ನಾವು ಹೆದರುತ್ತೇವೆ. ದಿನನಿತ್ಯದ ಸೋರಿಕೆ ಒಳಗಿನದ್ದು. ಡಾಕ್ಟರ ಪಾಸ್‌ವರ್ಡ್ ಮಾನಿಟರ್ ಮೇಲೆ ಪ್ಲಾಸ್ಟರ್‌ನಲ್ಲಿ ಅಂಟಿಸಿರುತ್ತೆ. "ಸಿಸ್ಟರ್, ನನ್ನ ಹೆಸರಲ್ಲಿ ನೀವೇ ಆರ್ಡರ್ ಹಾಕಿಬಿಡಿ" ಅನ್ನೋದು ರೂಢಿ. ಎಚ್‌ಐವಿ ರಿಪೋರ್ಟಿನ ಫೋಟೋ ಹತ್ತಾರು ಜನರಿರುವ ವಾಟ್ಸಾಪ್ ಗುಂಪಿಗೆ ಹೋಗುತ್ತೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಯಲ್ಲಿ, ಮಾಹಿತಿ ಕಾಪಾಡಲು ತಕ್ಕ ಎಚ್ಚರಿಕೆ ತೆಗೆದುಕೊಳ್ಳದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಆ ಅಂಕಿ ಹೇಳಿ ಹೆದರಿಸೋದು ನನ್ನ ಉದ್ದೇಶ ಅಲ್ಲ. ಪಾಸ್‌ವರ್ಡ್ ಯಾಕೆ ಹಂಚಿಕೊಳ್ಳುತ್ತಾರೆ? ಲಾಗಿನ್ ಆಗಲು ಒಂದು ನಿಮಿಷ ಬೇಕು, ಐದು ನಿಮಿಷ ಮುಟ್ಟದಿದ್ದರೆ ತಾನೇ ಲಾಗ್‌ಔಟ್ ಆಗುತ್ತೆ. ಐಡಿ ಕಾರ್ಡ್ ತೋರಿಸಿದರೆ ತೆರೆಯುವ ಹಾಗೆ ಮಾಡಿ, ಅರ್ಧ ರೋಗ ವಾಸಿ.

ಎಲ್ಲಿಂದ ಶುರು ಮಾಡಬೇಕು ಅಂತ ಚಹಾ ಹೊತ್ತಿನಲ್ಲಿ ಕೆಲವರು ಕೇಳಿದರು. ನನ್ನ ಕ್ರಮ ಹೇಳುತ್ತೇನೆ, ಬೇರೆಯವರದು ಬೇರೆ ಇರಬಹುದು. ಮೊದಲು ರಿಜಿಸ್ಟ್ರೇಷನ್ ಮತ್ತು ಲ್ಯಾಬ್. ರಕ್ತದ ಟ್ಯೂಬಿಗೆ ರೋಗಿಯ ಪಕ್ಕದಲ್ಲೇ ಬಾರ್‌ಕೋಡ್ ಅಂಟಿಸುವ ಅಭ್ಯಾಸ ಬಂದರೆ ಅದೊಂದೇ ದೊಡ್ಡ ಗೆಲುವು. ರಿಪೋರ್ಟ್ ತಾನಾಗಿ ವಾರ್ಡಿಗೆ ಬರುತ್ತೆ ಅಂತ ಕಂಡ ದಿನ ಡಾಕ್ಟರುಗಳು ಪರದೆ ನೋಡಲು ಕಲಿಯುತ್ತಾರೆ, ಟೈಪ್ ಮಾಡದೆಯೇ. ಆಮೇಲೆ ಫಾರ್ಮಸಿ. ಆಮೇಲೆ ಡಿಸ್ಚಾರ್ಜ್ ಸಮರಿ. ಆಮೇಲೆ ಔಷಧಿ ಆರ್ಡರ್, ಅದೂ ಒಂದೊಂದೇ ವಾರ್ಡ್. ಡಾಕ್ಟರ ದಿನದ ನೋಟ್ಸ್ ಕಟ್ಟಕಡೆಗೆ. ನಾವು ಸಾಮಾನ್ಯವಾಗಿ ಮಾಡೋದು ಉಲ್ಟಾ. ಮೊದಲು ಬಿಲ್ಲಿಂಗ್, ತಕ್ಷಣ ಡಾಕ್ಟರ್ ನೋಟ್ಸ್, ಲ್ಯಾಬ್ ಜೋಡಣೆ ಮುಂದಿನ ವರ್ಷ.

ತಂಡದ ಮುಂದಾಳು ಯಾರು? ಐಟಿ ಮ್ಯಾನೇಜರ್ ಬೇಡ. ವಾರ್ಡಿನಲ್ಲಿ ಎಲ್ಲರೂ ಹೆದರುವ, ಎಲ್ಲರೂ ಪ್ರೀತಿಸುವ ಒಬ್ಬ ಹಿರಿಯ ಸಿಸ್ಟರ್ ಇರುತ್ತಾರಲ್ಲ, ಅವರು. ಅವರಿಗೆ ಪಾಳಿಯಿಂದ ಬಿಡುವು ಕೊಟ್ಟು, ಸಂಬಳ ಜಾಸ್ತಿ ಮಾಡಿ ಕೂರಿಸಿ. ಅವರು "ಇದು ಆಗೋದಿಲ್ಲ" ಅಂದರೆ ಆ ಪರದೆ ಆಗೋದಿಲ್ಲ, ಮಾಲೀಕರು ಹೇಳಿದರೂ ಸರಿ.

ಒಪ್ಪಂದದಲ್ಲಿ ಒಂದು ಸಾಲು ಮರೆಯಬೇಡಿ. ಬಿಟ್ಟು ಹೋಗುವಾಗ ನಮ್ಮ ಮಾಹಿತಿಯನ್ನು ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ, ಎಷ್ಟು ದುಡ್ಡಿಗೆ ವಾಪಸ್ ಕೊಡುತ್ತೀರಿ? ನಾನು ಕೆಲಸ ಮಾಡಿದ ಒಂದು ಕಡೆ ಕಂಪನಿ ಬದಲಿಸಲು ಹೋದಾಗ, ಹಳೆಯವರು ಎಲ್ಲ ದಾಖಲೆಗಳನ್ನು ಕೊಟ್ಟರು. ಪಿಡಿಎಫ್‌ನಲ್ಲಿ! ಒಂದೊಂದು ರಿಪೋರ್ಟೂ ಒಂದೊಂದು ಚಿತ್ರ. ಹುಡುಕಲು ಬರೋದಿಲ್ಲ, ಹೊಸದರಲ್ಲಿ ಸೇರಿಸಲು ಬರೋದಿಲ್ಲ. ಒಪ್ಪಂದದಲ್ಲಿ "ಮಾಹಿತಿ ಹಿಂತಿರುಗಿಸಲಾಗುವುದು" ಅಂತಿತ್ತು, ಅವರು ಹಿಂತಿರುಗಿಸಿದರು. ಒಂದು ಸಾಫ್ಟ್‌ವೇರಿನ ಆರೋಗ್ಯ ಮಾಹಿತಿ ಇನ್ನೊಂದಕ್ಕೆ ಅರ್ಥವಾಗಲು ಇರುವ ಎಫ್‌ಎಚ್‌ಐಆರ್ ಅನ್ನುವ ಮಾದರಿಯಲ್ಲಿ ಕೊಡಬೇಕು ಅಂತ ಬರೆಸಿ. ಡಿಜಿಟಲ್ ಮಿಷನ್ ಬಳಸುವುದೂ ಅದನ್ನೇ.

ನನ್ನ ಮಾತು ಇಷ್ಟು. ಆಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತೇನೆ.

"ಹದಿನೈದು ಹಾಸಿಗೆಯ ನರ್ಸಿಂಗ್ ಹೋಮ್ ನಮ್ಮದು. ಇದೆಲ್ಲ ನಮಗೆ ಬೇಕಾ ಸಾರ್?" ಅಂತ ಒಬ್ಬ ಡಾಕ್ಟರಮ್ಮ ಕೇಳಿದರು. ಎಲ್ಲ ಬೇಡ ಮೇಡಂ. ರಿಜಿಸ್ಟ್ರೇಷನ್, ಪ್ರಿಸ್ಕ್ರಿಪ್ಷನ್, ಡಿಸ್ಚಾರ್ಜ್ ಸಮರಿ ಈ ಮೂರಕ್ಕೆ ತಿಂಗಳ ಬಾಡಿಗೆಯ ಸಣ್ಣ ಸಾಫ್ಟ್‌ವೇರ್ ಸಾಕು. ಡಿಜಿಟಲ್ ಮಿಷನ್‌ಗೆ ಜೋಡಣೆ ಇರುವಂಥದ್ದನ್ನೇ ನೋಡಿ. 2023ರ ಜನವರಿಯಲ್ಲಿ ಕೇಂದ್ರ ಇದಕ್ಕೊಂದು ಪ್ರೋತ್ಸಾಹ ಯೋಜನೆಯನ್ನೂ ಶುರು ಮಾಡಿತು. ಆದರೆ ಆ ದುಡ್ಡನ್ನು ನಂಬಿಕೊಂಡು ಲೆಕ್ಕ ಹಾಕಬೇಡಿ.

"ರೋಗಿಗೆ ಕೊಡುವ ಸಮರಿ ಕನ್ನಡದಲ್ಲಿ ಯಾಕಿಲ್ಲ?" ಅಂತ ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ. ಇದಕ್ಕೆ ಚಪ್ಪಾಳೆ ಬಿತ್ತು. ಇಡೀ ಸಮರಿ ಕನ್ನಡಕ್ಕೆ ತರೋದು ಕಷ್ಟ, ಮುಂದಿನ ಡಾಕ್ಟರಿಗೆ ಅದು ಇಂಗ್ಲಿಷಿನಲ್ಲೇ ಬೇಕಾಗುತ್ತೆ. ಆದರೆ ಕೊನೆಯ ಪುಟ ಮನೆಯವರಿಗೆ ಸೇರಿದ್ದು. ಯಾವ ಮಾತ್ರೆ, ಬೆಳಗ್ಗೆಯೋ ರಾತ್ರಿಯೋ, ಊಟಕ್ಕೆ ಮುಂಚೆಯೋ ಆಮೇಲೋ, ಎಷ್ಟು ದಿನ, ಏನಾದರೆ ತಕ್ಷಣ ವಾಪಸ್ ಬರಬೇಕು. ಇಲ್ಲಿ ಬರುವ ವಾಕ್ಯಗಳು ಹೆಚ್ಚೆಂದರೆ ನೂರೋ ನೂರೈವತ್ತೋ. ಒಮ್ಮೆ ಕೂತು ಕನ್ನಡದಲ್ಲಿ ಬರೆದು ಸಿಸ್ಟಮ್ಮಿಗೆ ಹಾಕಿದರೆ, ಡಾಕ್ಟರ್ ಇಂಗ್ಲಿಷಿನಲ್ಲಿ ಆಯ್ಕೆ ಮಾಡಿದ್ದು ಕನ್ನಡದಲ್ಲಿ ಪ್ರಿಂಟ್ ಆಗುತ್ತೆ. ಟೆಂಡರ್‌ನಲ್ಲಿ ಕೇಳಿದರೆ ಕಂಪನಿಗಳು ಮಾಡಿಕೊಡುತ್ತವೆ. ನಾವು ಕೇಳೋದಿಲ್ಲ.

ಕೊನೆಯದ್ದು ಎಂಆರ್‌ಡಿ ನೋಡಿಕೊಳ್ಳುವ ಒಬ್ಬರದು: "ಹಳೇ ಫೈಲುಗಳನ್ನೆಲ್ಲ ಸ್ಕ್ಯಾನ್ ಮಾಡಿಸಬೇಕಾ?" ಎಲ್ಲ ಮಾಡಿಸಲು ಹೋಗಬೇಡಿ. ದುಡ್ಡೂ ಹೋಗುತ್ತೆ, ಯಾರೂ ತೆರೆಯೋದೂ ಇಲ್ಲ. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸುಗಳು, ಕೋರ್ಟಿನಲ್ಲಿ ಇರುವವು, ಡಯಾಲಿಸಿಸ್, ಕ್ಯಾನ್ಸರ್, ಹೃದಯದ ರೋಗಿಗಳದ್ದು ಮೊದಲು. ಉಳಿದದ್ದು, ಆ ರೋಗಿ ಮತ್ತೆ ಬಂದ ದಿನ ಫೈಲ್ ಹೇಗೂ ಹೊರಗೆ ಬರುತ್ತಲ್ಲ, ಅವತ್ತೇ ಸ್ಕ್ಯಾನ್ ಮಾಡಿ ಹೊಸ ನಂಬರಿಗೆ ಜೋಡಿಸಿ. ಬಾರದೇ ಉಳಿದ ಫೈಲನ್ನು ನಿಯಮದ ಅವಧಿ ಮುಗಿದ ಮೇಲೆ ಏನು ಮಾಡಬೇಕು ಅಂತ ನಿಮ್ಮ ವಕೀಲರ ಜತೆ ಕೂತು ಲಿಖಿತವಾಗಿ ತೀರ್ಮಾನ ಮಾಡಿಕೊಳ್ಳಿ. ಗುಜರಿಯವನಿಗೆ ತೂಕಕ್ಕೆ ಮಾತ್ರ ಹಾಕಬೇಡಿ. ಅದರಲ್ಲಿ ಜನರ ಹೆಸರು, ರೋಗ ಎರಡೂ ಇರುತ್ತೆ.